ಅರಿವು ದಾನವೋ, ಹಕ್ಕೋ?

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ಕೋಡಿಯಮಠವನ್ನು 1162ರ ಶಾಸನವೊಂದು ಬಣ್ಣಿಸಿದೆ. ವೇದ, ವ್ಯಾಕರಣ, ಷಡ್ದರ್ಶನ, ಕಾವ್ಯ, ನಾಟಕಗಳ ವ್ಯಾಖ್ಯಾನ ನಡೆಯುತ್ತಿದ್ದ ಆ ಕಾಳಾಮುಖ ಶೈವ ಮಠದಲ್ಲೇ ದಿಕ್ಕಿಲ್ಲದವರಿಗೆ ಅನ್ನ, ರೋಗಿಗಳಿಗೆ ಔಷಧವೂ ಸಿಗುತ್ತಿತ್ತು. ಅರಿವನ್ನೂ ಅನ್ನವನ್ನೂ ಒಂದೇ ಧರ್ಮವೆಂದು ಬಗೆದ ನೆಲ ಇದು. ಆದರೆ ದಾನಕ್ಕೊಂದು ಮಿತಿಯಿದೆ: ಪಡೆದವನು ಕೊಟ್ಟವನನ್ನು ಪ್ರಶ್ನಿಸಲಾರ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆ ಆಸ್ತಿ ತೆರಿಗೆಯ ಮೇಲೆ ಗ್ರಂಥಾಲಯ ಕರ ಹಾಕಿ ಈ ಸಂಬಂಧವನ್ನೇ ಬದಲಿಸಿತು. ಕರ ಕಟ್ಟಿದವರು ಕೇಳಬಹುದು. ಕೇಳದಿದ್ದರೆ ಬೀಗ ಹಾಕಿದ ಕಪಾಟು, ನಾಲ್ಕು ದಿನಪತ್ರಿಕೆಗಳೇ ಗ್ರಂಥಾಲಯ ಎನಿಸಿಕೊಳ್ಳುತ್ತವೆ.

ಎಲ್ಲವೂ ಮೊಬೈಲಿನಲ್ಲಿರುವಾಗ ಗ್ರಂಥಾಲಯ ಏಕೆ ಎನ್ನುವವರಿದ್ದಾರೆ. ಕೋಡಿಯಮಠದ ಹೆಸರು ನಿಂತದ್ದು ಓಲೆಗರಿಗಳ ರಾಶಿಯಿಂದಲ್ಲ, ಅವುಗಳ ಅರ್ಥ ಬಿಡಿಸಿ ಹೇಳುವವರಿಂದ. ಅಲ್ಪ ಸಂಬಳದ ಗ್ರಂಥಾಲಯ ಮೇಲ್ವಿಚಾರಕರು ಹಾಗೆ ಊರಿಗೆ ಅರ್ಥ ಬಿಡಿಸಿ ಹೇಳುವುದುಂಟೇ ಎಂಬ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಅದು ಅವರ ದೋಷವಲ್ಲ, ನಮ್ಮ ಜಿಪುಣತನ. ಮಠದ ಆಚಾರ್ಯರು ಕೂಡ ದೀರ್ಘ ಅಧ್ಯಯನದಿಂದಲೇ ಸಿದ್ಧರಾದವರು. ಮೇಲ್ವಿಚಾರಕರಿಗೂ ತರಬೇತಿ, ಪುಸ್ತಕ ಆರಿಸುವ ಅಧಿಕಾರ, ಬದುಕಲು ಸಾಕಾಗುವ ಸಂಬಳ ಬೇಕು. 2019ರಿಂದ ಹಳ್ಳಿಯ ಗ್ರಂಥಾಲಯಗಳು ಪಂಚಾಯತ್ ರಾಜ್ ಇಲಾಖೆಯ ಅಧೀನದಲ್ಲಿವೆ. ಹಾಗಾಗಿ ಶಿಕಾರಿಪುರ, ಸೊರಬದ ಓದುಗರು ಮುಂದಿನ ಗ್ರಾಮಸಭೆಯಲ್ಲಿ ರಸ್ತೆ, ಚರಂಡಿಯ ಜೊತೆ ಗ್ರಂಥಾಲಯದ ಬಗ್ಗೆಯೂ ಕೇಳಲಿ.