ಬಾಟಲಿಯ ತಳದಲ್ಲಿ ಉಳಿದದ್ದು

ಉಂಡಾದ ಮೇಲೆ ನಮ್ಮ ಅತ್ತೆ ತಾಟಿಗೆ ಎರಡು ಗುಟುಕು ನೀರು ಹಾಕಿ, ಬೆರಳಿನಿಂದ ಸುತ್ತಲೂ ತೊಳೆದು, ಆ ನೀರನ್ನು ಕುಡಿಯುತ್ತಾರೆ. ವಯಸ್ಸು 84. ಜ್ವರ ಬಂದು ಎರಡೇ ತುತ್ತು ಗಂಜಿ ಉಂಡ ದಿನವೂ ಇದು ತಪ್ಪಿಲ್ಲ. ಕೊರಳ ಲಿಂಗಕ್ಕೆ ತೋರಿಸಿ ಉಂಡದ್ದು ಪ್ರಸಾದ. ಪ್ರಸಾದದ ಒಂದು ಅಗುಳೂ ಬಚ್ಚಲಿಗೆ ಹೋಗಬಾರದು. ಉಮರಗಾದಿಂದ ನಿಲಂಗಾಕ್ಕೆ ಸೊಸೆಯಾಗಿ ಬಂದ ಹೊಸದರಲ್ಲಿ ನಾನೂ ಹಾಗೇ ಮಾಡುತ್ತಿದ್ದೆ. ನೌಕರಿ ಹತ್ತಿದ ಮೇಲೆ ಬಿಟ್ಟುಹೋಯಿತು. ದವಾಖಾನೆಯ ಮೂಲೆಯಲ್ಲಿ ನಿಂತು ಡಬ್ಬಿ ಖಾಲಿ ಮಾಡುವವಳಿಗೆ ತೊಳೆದು ಕುಡಿಯುವ ಪುರುಸೊತ್ತೆಲ್ಲಿ.

ಅಂಥ ಅತ್ತೆಯ ಕಣ್ಣೆದುರೇ ಹೋದ ಬೇಸಿಗೆಯಲ್ಲಿ ನಾನು 40 ಮಿಲಿ ಹಾಲನ್ನು ಬಚ್ಚಲಿಗೆ ಸುರಿದೆ.

ಮೊಮ್ಮಗ ಹುಟ್ಟಿ ಆಗ 12 ದಿನ. ಸೊಸೆ ಉದಗೀರಿನವಳು, ಹೆರಿಗೆಯಾದ ಮೇಲೆ ಜ್ವರ ಏರಿ ಲಾತೂರಿನಲ್ಲಿ ಆಸ್ಪತ್ರೆ ಸೇರಿದ್ದಳು. ಕೂಸು ನಮ್ಮ ಹತ್ತಿರ. ಡಾಕ್ಟರು ಬರೆದುಕೊಟ್ಟ ಪುಡಿಹಾಲಿನ ಡಬ್ಬಿಯ ಮೇಲೆ ತಾಯಿಯ ಹಾಲೇ ಶ್ರೇಷ್ಠ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು. 1992ರ ಕಾನೂನು ಹಾಗೆ ಬರೆಸುತ್ತದೆ. ತಾಯಿ 45 ಕಿಲೋಮೀಟರಿನಾಚೆ ಸಲಾಯಿನ್ ಹಚ್ಚಿಕೊಂಡು ಮಲಗಿರುವಾಗ ಆ ಅಕ್ಷರ ಓದುವುದು ಸುಮ್ಮನೆ ಹೊಟ್ಟೆ ಉರಿಸುತ್ತದೆ, ಅದು ಬೇರೆ ಮಾತು. 90 ಮಿಲಿ ಕಲಸಿದ್ದೆ. ಕೂಸು 50 ಕುಡಿದು ನಿದ್ದೆ ಹೋಯಿತು. ಬಾಟಲಿ ಕಟ್ಟೆಯ ಮೇಲೆ ತಾಸಿಗಿಂತ ಹೆಚ್ಚು ಹೊತ್ತು ಇತ್ತು.

"ಯವ್ವಾ, ಏನ್ ಮಾಡ್ಲತ್ತಿ? ಕೂಸಿನ ಹಾಲ ಬಚ್ಚಲಕ್ಕ ಹಾಕ್ತಾರೇನ?"

"ಕೂಸು ಬಾಯಿ ಹಚ್ಚ್ಯಾದರಿ ಅತ್ತಿ. ತಾಸಿನ ಮ್ಯಾಲ ಆಯ್ತು."

"ಬಾಯಿ ಹಚ್ಚಿದ್ರ ಏನಾಯ್ತು? ಮತ್ತ ಏಳ್ತದ, ಅದಕ್ಕೇ ಕುಡಸು. ಅದರ ಎಂಜಲಾ ಅದಕ್ಕೇ. ನಮ್ಮಲ್ಲಿ ಎಂಜಲ ಸೂತಕ ಯಾವಾಗಿಂದ ಬಂತು?"

ಹಾಲಿನ ವಿಷಯಕ್ಕೆ ನನ್ನ ಹತ್ತಿರ ಉತ್ತರ ಇತ್ತು. ಮೂವತ್ತು ವರ್ಷ ಹಳ್ಳಿ ಹಳ್ಳಿ ತಿರುಗಿ 'ನರ್ಸಬಾಯಿ' ಎನ್ನಿಸಿಕೊಂಡವಳು. ಸೂತಕದ ವಿಷಯಕ್ಕೆ ಇರಲಿಲ್ಲ. ಬಾಟಲಿ ತೊಳೆಯುತ್ತ ಸುಮ್ಮನಿದ್ದೆ.

ಅತ್ತೆ ಕೇಳಿದ್ದು ಹಗುರಾದ ಪ್ರಶ್ನೆಯಲ್ಲ. ಹುಟ್ಟು, ಸಾವು, ಮುಟ್ಟು, ಎಂಜಲು, ಜಾತಿ, ಈ ಐದರ ಮೈಲಿಗೆಯನ್ನು ಶರಣರು ಒಪ್ಪಲಿಲ್ಲ. ಪಂಚಸೂತಕ ಇಲ್ಲ ಎನ್ನುವುದು ನಮ್ಮ ಮನೆಗಳಲ್ಲಿ ಮಕ್ಕಳಿಗೂ ಗೊತ್ತಿರುವ ಮಾತು. ನನ್ನ ತವರು ಉಮರಗಾದಿಂದ ಹೈದರಾಬಾದಿನ ಹೆದ್ದಾರಿ ಹಿಡಿದರೆ ಗಡಿ ದಾಟುತ್ತಲೇ ಬಸವಕಲ್ಯಾಣದ ದಾರಿ ಸಿಗುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಈ ಮಾತು ಹುಟ್ಟಿದ ನೆಲ ಅದು. ಅತ್ತೆ ಹುಟ್ಟಿದಾಗ ನಿಲಂಗಾ, ಉದಗೀರ ಎರಡೂ ನಿಜಾಮನ ಬೀದರ ಜಿಲ್ಲೆಯಲ್ಲಿದ್ದವು. 1956ರಲ್ಲಿ ಉಸ್ಮಾನಾಬಾದಿಗೆ ಹೋದವು, 1982ರಲ್ಲಿ ಲಾತೂರು ಜಿಲ್ಲೆಯಾಯಿತು. ಮನೆ ಕದಲದೆ ಮೂರು ಜಿಲ್ಲೆ ಕಂಡವರು ಅವರು. ಬಾಗಿಲಾಚೆ ಮರಾಠಿ, ಒಳಗೆ ಕನ್ನಡ, ಕೊರಳಲ್ಲಿ ಲಿಂಗ. ಇವು ಮಾತ್ರ ಬದಲಾಗಲಿಲ್ಲ. ಇಂಥವರಿಗೆ ಸೊಸೆ ಎದ್ದು, ಎಂಜಲಾಗಿದೆ ಚೆಲ್ಲಬೇಕು ಅಂದರೆ, ಕಿತ್ತೊಗೆದ ಮಡಿಯನ್ನೇ ಹಿತ್ತಲ ಬಾಗಿಲಿನಿಂದ ಒಳಗೆ ತಂದ ಹಾಗೆ ಕೇಳಿಸಿರಬೇಕು.

ಹಾಗಾದರೆ ನಾನು ಸುರಿದದ್ದು ಯಾಕೆ? ಈ ಪುಡಿಹಾಲನ್ನು ಎಷ್ಟೇ ಚೊಕ್ಕಟವಾಗಿ ತಯಾರಿಸಿದರೂ ಅದು ಕ್ರಿಮಿಯೇ ಇಲ್ಲದ ವಸ್ತುವಲ್ಲ. ಕ್ರೊನೊಬ್ಯಾಕ್ಟರ್ ಎಂಬ ಕ್ರಿಮಿ ಒಣಪುಡಿಯಲ್ಲಿ ತಿಂಗಳುಗಟ್ಟಲೆ ಮಲಗಿರಬಲ್ಲದು. ನೀರು ತಾಗಿ ಬೆಚ್ಚಗಾದರೆ ಎದ್ದು ಕೂಡುತ್ತದೆ. ಬಲು ಅಪರೂಪ, ಆದರೆ ಎಳೆಗೂಸಿಗೆ ತಗುಲಿದರೆ ರಕ್ತಕ್ಕೆ, ಮಿದುಳಿನ ಪೊರೆಗೆ ಏರುತ್ತದೆ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಹೇಳಿದ್ದು: ಕುದಿಸಿದ ನೀರು 70 ಡಿಗ್ರಿಗಿಂತ ಕೆಳಗೆ ಇಳಿಯುವ ಮೊದಲೇ ಪುಡಿ ಬೆರೆಸಿ, ಆಮೇಲೆ ಬಾಟಲಿಯನ್ನು ತಣ್ಣೀರಲ್ಲಿ ಹಿಡಿದು ಆರಿಸಿ. ನಾವು ಮಾಡುವುದು ಉಲ್ಟಾ. ಬೆಳಿಗ್ಗೆ ಕುದಿಸಿಟ್ಟ ನೀರು ಉಗುರುಬೆಚ್ಚಗಾದ ಮೇಲೆ ಕಲಸುತ್ತೇವೆ.

ಕಲಸಿದ ಹಾಲು, ಕೂಸು ಬಾಯಿ ಹಚ್ಚದೆ ಇದ್ದರೆ, ಹೊರಗೆ ಎರಡು ತಾಸು ಇರಬಹುದು. ಕೂಡಲೇ ಫ್ರಿಜ್ಜಿನ ಒಳಭಾಗದಲ್ಲಿ ಇಟ್ಟರೆ 24 ತಾಸು. ನಮ್ಮ ಲೈಟಿನ ಭರವಸೆಯ ಮೇಲೆ ಅಷ್ಟು ಹೊತ್ತು ಇಡಲು ನನಗೆ ಧೈರ್ಯ ಸಾಲದು. ಬಾಯಿ ಹಚ್ಚಿದ ಮೇಲೆ ಲೆಕ್ಕವೇ ಬೇರೆ. ಕೂಸು ಚೀಪುವಾಗ ಬಾಯಿಯ ನೀರು ಬಾಟಲಿಯೊಳಗೆ ತಿರುಗಿ ಬರುತ್ತದೆ. ಸಿಹಿ ಹಾಲು, ಬೆಚ್ಚಗಿನ ಹವಾ, ನಮ್ಮ ಮೇ ತಿಂಗಳು. ಕುಡಿಯಲು ಶುರುಮಾಡಿದ ಒಂದು ತಾಸಿನೊಳಗೆ ಮುಗಿಯದಿದ್ದರೆ ಚೆಲ್ಲಬೇಕು. ಫ್ರಿಜ್ಜಿಗೂ ಇಡುವ ಹಾಗಿಲ್ಲ. ಮತ್ತೊಮ್ಮೆ ಕುದಿಸಿದರಾಯಿತಲ್ಲ ಅಂತ ಅತ್ತೆ ಮರುದಿನ ಕೇಳಿದರು. ಕುದಿಸಿದರೆ ಕ್ರಿಮಿ ಸಾಯಬಹುದು, ಕೆಲವು ಕ್ರಿಮಿ ಬಿಟ್ಟುಹೋದ ವಿಷ ಕುದಿಗೂ ಜಗ್ಗುವುದಿಲ್ಲ.

ಇಷ್ಟು ಹೇಳಿದ ಮೇಲೆ ನನಗೆ ಒಂದು ಹೊಳೆಯಿತು. ಹಳೆಯ ಎಂಜಲು ಕೇಳುವುದು 'ಯಾರ ಬಾಯಿ?' ಅಂತ. ಗಂಡ ಬಿಟ್ಟದ್ದು ಹೆಂಡತಿ ಉಣ್ಣಬಹುದು, ಹೆಂಡತಿ ಬಿಟ್ಟದ್ದು ಗಂಡ ಮುಟ್ಟಬಾರದು. ಮೇಲಿನವರ ಎಂಜಲು ಕೆಳಗಿನವರಿಗೆ ಕೃಪೆ, ಕೆಳಗಿನವರದು ಮೇಲಿನವರಿಗೆ ಹೊಲಸು. ಶರಣರು ಒಲ್ಲೆ ಅಂದದ್ದು ಈ ಲೆಕ್ಕವನ್ನು. ಮಾದಾರ ಚೆನ್ನಯ್ಯನ ಅಂಬಲಿಯನ್ನು ಶಿವನೇ ಬಂದು ಕುಡಿದ ಎಂದು ಕಥೆ ಕಟ್ಟಿದ್ದು ಅದಕ್ಕೇ. ಬಾಟಲಿಯ ಎಂಜಲು ಕೇಳುವುದು 'ಎಷ್ಟು ಹೊತ್ತಾಯಿತು?' ಅಂತ ಒಂದೇ. ಸಾಹುಕಾರನ ಕೂಸಿಗೂ ಒಂದೇ ತಾಸು, ಕಬ್ಬು ಕಡಿಯುವವಳ ಕೂಸಿಗೂ ಒಂದೇ ತಾಸು. ಇದರಲ್ಲಿ ಮೈಲಿಗೆ ಇಲ್ಲ. ಗಡಿಯಾರ ಅದೆ ಅಷ್ಟೇ.

ಅತ್ತೆಗೆ ಹೇಳಿದೆ. ಕೇಳಿಸಿಕೊಂಡರು. "ಖರೇ ಅದ. ಆದ್ರ ಪ್ರಸಾದ?" ಅಂದರು. ಒಂದು ಗಂಟು ಬಿಚ್ಚಿದರೆ ಇನ್ನೊಂದು ಇಟ್ಟುಕೊಂಡೇ ಕೂತಿರುತ್ತಾರೆ.

ಪ್ರಸಾದದ ಮಾತಿಗೆ ನನಗೆ ಕೋಳೂರು ಕೊಡಗೂಸಿನ ಕಥೆ ನೆನಪಾಯಿತು. ಉಮರಗಾದಲ್ಲಿ ನಮ್ಮ ಆಯಿ ಬೀಸುತ್ತ ಹೇಳುತ್ತಿದ್ದಳು. ಅಪ್ಪ ಪರ ಊರಿಗೆ ಹೋಗುವಾಗ ಸಣ್ಣ ಮಗಳಿಗೆ ಹೇಳುತ್ತಾನೆ, ದಿನಾ ಗುಡಿಗೆ ಹಾಲು ಒಯ್ದು ಶಿವನಿಗೆ ಕೊಡು ಅಂತ. ಕೂಸು ಬಟ್ಟಲು ಇಟ್ಟು ಕಾಯುತ್ತದೆ. ಶಿವ ಕುಡಿಯಲೊಲ್ಲ. ಅಳುತ್ತದೆ, ತಲೆ ಚಚ್ಚಿಕೊಳ್ಳುತ್ತದೆ. ಕಡೆಗೆ ಶಿವ ಬಂದು ಗಟಗಟ ಕುಡಿದೇಬಿಡುತ್ತಾನೆ. ಹುಡುಗಿ ಬರಿಯ ಬಟ್ಟಲು ಹಿಡಿದು ಕುಣಿಯುತ್ತ ಮನೆಗೆ ಬಂದರೆ ಮನೆಯವರಿಗೆ ಸಂಶಯ: ಹಾಲು ಯಾರು ಕುಡಿದರು? ದೇವರು ಕುಡಿದ ಅಂದರೆ ಯಾರೂ ನಂಬುವುದಿಲ್ಲ.

ಸಣ್ಣವಳಿದ್ದಾಗ ಹುಡುಗಿಗಾಗಿ ಅಳುತ್ತಿದ್ದೆ. ಈಗ ಆ ಬಟ್ಟಲೇ ಕಣ್ಣಿಗೆ ಕಟ್ಟುತ್ತದೆ. ನಮ್ಮ ನೈವೇದ್ಯವೆಲ್ಲ ದೇವರು ತಿನ್ನುವುದಿಲ್ಲ ಎಂಬ ಭರವಸೆಯ ಮೇಲೆಯೇ ನಡೆದಿದೆ. ತುಂಬಿದ ಬಟ್ಟಲು ಹೋಗಬೇಕು, ತುಂಬಿದ್ದೇ ತಿರುಗಿ ಬರಬೇಕು, ಆಮೇಲೆ ನಮ್ಮ ಪಾಲು. ಗುಡಿಯ ಹಾಲು ದೇವರು ಮುಟ್ಟದೆ ಬಿಟ್ಟದ್ದು. ಬಾಟಲಿಯ ಹಾಲು ಕೂಸು ಮುಟ್ಟಿ ಬಿಟ್ಟದ್ದು. ಎರಡನ್ನೂ ಒಂದೇ ಹೆಸರಿನಿಂದ ಕರೆದರೆ ಹೇಗೆ? ಮಠದಲ್ಲಿ ಇದನ್ನು ಹೇಳಿದರೆ ಬೈಸಿಕೊಳ್ಳುತ್ತೇನೆ, ಇರಲಿ.

ಅತ್ತೆಯ ತಾಟನ್ನೇ ನೋಡಿ. ತೊಳೆದ ನೀರನ್ನು ಅವರು ಇನ್ನೊಬ್ಬರಿಗೆ ಎತ್ತಿಡುವುದಿಲ್ಲ, ಸಂಜೆಗೆ ಇಡುವುದಿಲ್ಲ. ನೀಡಿಸಿಕೊಂಡವರು ಅಲ್ಲೇ, ಆಗಲೇ ಮುಗಿಸಬೇಕು. ಅದಕ್ಕೇ ನೀಡುವಾಗಲೇ ಅಡ್ಡ ಕೈ ಹಿಡಿದು "ಸಾಕು, ಸಾಕು" ಅನ್ನುತ್ತಾರೆ. ಅವರ ವ್ರತ ಇರುವುದು ಆ ಅಡ್ಡ ಹಿಡಿದ ಕೈಯಲ್ಲಿ. ತೊಳೆದು ಕುಡಿಯುವುದು ಅದರ ಬಾಲ. ಕೂಸಿಗೆ ಅಡ್ಡ ಹಿಡಿಯಲು ಕೈ ಬರುವುದಿಲ್ಲ. ಮುಖ ತಿರುಗಿಸುತ್ತದೆ, ಅಷ್ಟೇ. ಅದರ ಪರವಾಗಿ ಕೈ ಹಿಡಿಯಬೇಕಾದವಳು ಪುಡಿ ಅಳೆಯುವ ನಾನು. ಅಂದರೆ ಪಾಪ ಏನಾದರೂ ಇದ್ದರೆ ಅದು ಬಚ್ಚಲ ಹತ್ತಿರ ಆದದ್ದಲ್ಲ. ತಾಸಿನ ಹಿಂದೆ, ಒಲೆಯ ಹತ್ತಿರ, 50 ಕುಡಿಯುವ ಕೂಸಿಗೆ 90 ಕಲಸಿದಾಗಲೇ ಆಗಿಹೋಗಿತ್ತು.

ಚೆಲ್ಲಬಾರದು ಎಂಬ ಹಟಕ್ಕೆ ಏನೇನಾಗುತ್ತದೆ ಎಂದು ನಾನು ಕಂಡಿದ್ದೇನೆ. 1993ರ ಸೆಪ್ಟೆಂಬರ್ 30. ಹಿಂದಿನ ರಾತ್ರಿ ಗಣಪತಿ ಕಳಿಸಿ ಜನ ಮಲಗಿದ್ದರು. ನಸುಕಿನ ನಾಲ್ಕರ ಸುಮಾರಿಗೆ ಭೂಕಂಪವಾಗಿ ಕಿಲ್ಲಾರಿ, ಸಾಸ್ತೂರು ಸುತ್ತಿನ ಹಳ್ಳಿಗಳು ಕಲ್ಲುಮಣ್ಣಿನ ಗುಡ್ಡೆಯಾದವು. ಮೇಲೆ ಮಳೆ. ನನಗಾಗ 29 ವರ್ಷ. ತಗಡಿನ ಶೆಡ್ಡುಗಳಲ್ಲಿ ತಾಯಿ ಸತ್ತ ಕೂಸುಗಳನ್ನು ಅತ್ತಿಗೆ, ಅಜ್ಜಿ, ನೆರೆಯವರು ಎತ್ತಿಕೊಂಡಿದ್ದರು. ಹಾಲಿನ ಪುಡಿ ಬಂದಿತ್ತು. ನಾವು ಅದಕ್ಕೆ ಭುಕಟಿ ಅನ್ನುತ್ತೇವೆ, ಮರಾಠಿಯ ಮಾತು. ಉದಗೀರಿನಲ್ಲಿ ಸರಕಾರದ ಭುಕಟಿ ಕಾರ್ಖಾನೆಯೇ ಇತ್ತು, ಮುಚ್ಚಿ ಬಹಳ ವರ್ಷವಾಯಿತು. ಒಬ್ಬ ಮುದುಕಿ ಬೆಳಿಗ್ಗೆ ಒಂದು ಚರಿಗೆ ಹಾಲು ಕಲಸಿ, ಮೇಲೆ ತಾಟು ಮುಚ್ಚಿ, ಸಂಜೆತನಕ ಮೊಮ್ಮಗಳಿಗೆ ಅದನ್ನೇ ಕುಡಿಸುತ್ತಿದ್ದಳು. ಭೇದಿ ಹತ್ತಿತು. ನಾನು ಚರಿಗೆ ಕಸಿದುಕೊಳ್ಳಲು ಹೋದರೆ ಎದೆಗವಚಿಕೊಂಡಳು. ಮನೆ ಹೋಗಿ, ಮಗ ಹೋಗಿ, ಎತ್ತು ಹೋಗಿ, ಉಳಿದದ್ದು ಒಂದು ಚರಿಗೆ ಹಾಲು. ಅದನ್ನೂ ಚೆಲ್ಲು ಅನ್ನುತ್ತಾಳೆ ಈ ಪೋರಿ. ಆ ಕೂಸು ಬದುಕಿತು. ಬದುಕದವೂ ಇದ್ದವು.

ಇನ್ನೊಂದು ತರಹದ ಉಳಿಸಾಟ ಇದೆ, ಅದು ಕಣ್ಣಿಗೆ ಬೀಳುವುದೇ ಇಲ್ಲ. ನಮ್ಮ ಡಬ್ಬಿಗೆ 30 ಮಿಲಿ ನೀರಿಗೆ ಒಂದು ಚಮಚ, ಅದೂ ಡಬ್ಬಿಯೊಳಗಿನ ಚಮಚ, ಚೂರಿಯಿಂದ ಸಮ ಸವರಿದ್ದು. ಡಬ್ಬಿ ಬೇಗ ಮುಗಿಯಬಾರದೆಂದು ಒಂದು ಚಮಚಕ್ಕೆ 60 ಮಿಲಿ ಹಾಕುವ ತಾಯಂದಿರನ್ನು ಕಂಡಿದ್ದೇನೆ. ಬಾಟಲಿ ತುಂಬಿರುತ್ತದೆ, ಕೂಸಿನ ಹೊಟ್ಟೆಯೂ ತುಂಬಿದ ಹಾಗೆ ಕಾಣುತ್ತದೆ, ಮೈ ಮಾತ್ರ ಏರುವುದಿಲ್ಲ. ನಮ್ಮ ಮನೆಯಲ್ಲಿ ಆದದ್ದು ಮೂರನೆಯ ತರಹ. ಚೆಲ್ಲುವುದನ್ನು ನೋಡಲಾಗದೆ ಅತ್ತೆ, ಮುಖ ತಿರುಗಿಸಿದ ಕೂಸಿನ ಬಾಯಿಗೆ ಉಳಿದ 20 ಮಿಲಿ ತುರುಕಿದರು. ಕುಡಿದದ್ದೆಲ್ಲ ಅವರ ಸೀರೆಯ ಮೇಲೆ ಬಂತು. ಆವತ್ತು ಅವರೇ ನಕ್ಕರು.

ಆಮೇಲೆ 60 ಕಲಸತೊಡಗಿದೆವು. ಇನ್ನೂ ಬೇಕು ಅಂದರೆ ಮತ್ತೆ 30. ಎರಡು ಸಲ ನೀರು ಕಾಸಬೇಕು, ಎರಡು ಸಲ ತೊಳೆಯಬೇಕು, ನಡುವೆ ಕೂಸು ಮನೆ ಎತ್ತಿಹೋಗುವ ಹಾಗೆ ಅಳುತ್ತದೆ. ನೀರಿನದೂ ಒಂದು ಸಂಕಟ. 2016ರ ಬರದಲ್ಲಿ ಲಾತೂರಿಗೆ ಮೀರಜದಿಂದ ರೈಲಿನಲ್ಲಿ ಕುಡಿಯುವ ನೀರು ಬಂದದ್ದನ್ನು ಕಂಡ ಜನ ನಾವು. ಬಾಟಲಿ ತೊಳೆದ ನೀರನ್ನೂ ಅತ್ತೆ ಬಕೆಟ್ಟಿಗೆ ಹಿಡಿಯುತ್ತಾರೆ. ಬಾಟಲಿ ಬಿಟ್ಟು ವಾಟಿ-ಚಮಚದಲ್ಲಿ ಕುಡಿಸಿದಾಗ ಅರ್ಧ ತಾಪತ್ರಯ ಕಡಿಮೆಯಾಯಿತು. ಸಂದುಗೊಂದು ಇಲ್ಲ, ತೊಳೆಯುವುದು ಹಗುರ.

ಆದರೂ ಒಂದೆರಡು ಚಮಚ ಉಳಿಯುತ್ತಿತ್ತು. ಅದನ್ನು ನಾನೇ ಕುಡಿಯುತ್ತೇನೆ ಅಂದರು ಅತ್ತೆ. ಬೇಡ ಅಂದೆ, ಪುಡಿಹಾಲಿನ ಆ ಕ್ರಿಮಿ ಕೂಸುಗಳನ್ನು ಹಿಡಿದ ಹಾಗೆ ಮುಪ್ಪಿನವರನ್ನೂ ಹಿಡಿಯುತ್ತದೆ. "ಹಂಗಾದ್ರ ನಾನೂ ಕೂಸೇ," ಅಂದು ವಾಟಿ ತೆಗೆದುಕೊಂಡು ಹಿತ್ತಲಿಗೆ ಹೋದರು. ಕರಿಬೇವಿನ ಬುಡಕ್ಕೆ ಸುರಿದರು. ಬಚ್ಚಲಿಗಲ್ಲ. ಸಂಜೆಗೆ ಅಲ್ಲಿ ಇರುವೆಯ ಸಾಲು ಹತ್ತಿತ್ತು. ಮರುದಿನದಿಂದ ಅದೇ ರೂಢಿಯಾಯಿತು, ನನ್ನ ಕಡೆಯಿಂದ ತಕರಾರಿಲ್ಲ.

ಸೊಸೆ ಗುಣವಾಗಿ ಬಂದಳು. ಮತ್ತೆ ಮತ್ತೆ ಎದೆಗೆ ಹಚ್ಚಿ ಹಚ್ಚಿ, ಮೂರು ವಾರದಲ್ಲಿ ಹಾಲು ಹತ್ತಿತು. ಎದೆಹಾಲಿನಲ್ಲಿ ಉಳಿಕೆ ಎಂಬುದೇ ಇಲ್ಲ. ಕೂಸು ಬಿಟ್ಟಲ್ಲಿಗೆ ಮುಗಿಯಿತು. ಅತ್ತೆ ಹೊಸ್ತಿಲ ಮೇಲೆ ಕೂತು ನೋಡುತ್ತಿದ್ದರು, ಏನೂ ಅನ್ನಲಿಲ್ಲ.

ಡಬ್ಬಿಯಲ್ಲಿ ಕಾಲುಭಾಗ ಪುಡಿ ಉಳಿದಿದೆ. ಒಡೆದ ಡಬ್ಬಿಗೆ ಒಂದು ತಿಂಗಳ ಆಯುಷ್ಯ. ಒಡೆದ ತಾರೀಖನ್ನು ಮುಚ್ಚಳದ ಮೇಲೆ ನಾನೇ ಪೆನ್ನಿನಿಂದ ಬರೆದಿದ್ದೆ. ತಿಂಗಳು ದಾಟಿ ಬಹಳ ದಿನವಾಯಿತು. ಓಣಿಯ ಬಾಣಂತಿಯೊಬ್ಬಳು ಕೇಳಿದಾಗ ಕೊಡಲಿಲ್ಲ. ಕೂಸು ಬಾಯಿ ಹಚ್ಚದ್ದನ್ನೂ ಕೊಡಲೊಲ್ಲೆಯಾ ಎಂದು ಅತ್ತೆ ನೋಡಿದರು. ಬಚ್ಚಲಿಗೆ ಸುರಿಯಲು ಎರಡು ಸಲ ಎತ್ತಿಕೊಂಡು ಹೋಗಿದ್ದೆ, ಎರಡೂ ಸಲ ತಿರುಗಿ ಬಂದೆ. ಈಗ ಅದು ಜೋಳದ ಹಿಟ್ಟಿನ ಡಬ್ಬಿಯ ಪಕ್ಕದಲ್ಲಿದೆ, ಮೇಲೆ ಒಂದು ಚೀಟಿ ಅಂಟಿಸಿದ್ದೇನೆ: ಕೂಸಿಗಲ್ಲ.