ಎಲ್ಲ ಚೆನ್ನಾಗಿದೆ ಎಂಬ ಮಾತು

ಶಿಕಾರಿಪುರದಿಂದ ಶಿರಾಳಕೊಪ್ಪ ದಾಟಿ ಸೊರಬದ ಕಡೆಗೆ ಹೋಗುವ ದಾರಿಯಲ್ಲಿ ನಾನು ಆಗಾಗ ಭೇಟಿ ಕೊಡುವ ಮನೆಯೊಂದಿದೆ. ಅಲ್ಲಿ ಅರವತ್ತು ದಾಟಿದ ತಾಯಿಯೊಬ್ಬರೇ ಇದ್ದಾರೆ. ಶುಂಠಿ ಬೆಳೆಗೆ ಮಾಡಿದ ಸಾಲ ತೀರಿಸಲೆಂದು ಒಬ್ಬನೇ ಮಗ ದುಬೈಗೆ ಹೋಗಿ ದುಡಿಯುತ್ತಿದ್ದಾನೆ. ಅವರಿಬ್ಬರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಈ ಕಥೆಯನ್ನು ಬರೆಯುತ್ತಿದ್ದೇನೆ.

ಕಳೆದ ವರ್ಷ ಮಳೆಗಾಲದಲ್ಲಿ ಆ ತಾಯಿಯ ಕಾಲಿಗೆ ಸಣ್ಣ ಗಾಯವಾಯಿತು. ಸಕ್ಕರೆ ಕಾಯಿಲೆ ಇದ್ದುದರಿಂದ ಮಾಯಲಿಲ್ಲ. ಕೊನೆಗೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಎರಡು ಬೆರಳುಗಳನ್ನು ತೆಗೆಯಬೇಕಾಯಿತು. ನಾನು ನೋಡಲು ಹೋದಾಗ ಅವರು ನೋವಿನ ಮಾತನ್ನೇ ಆಡಲಿಲ್ಲ. "ಫಾದರ್, ಮಗ ಫೋನ್ ಮಾಡಿದ್ರೆ ಕಾಲಿನ ವಿಷಯ ಮಾತ್ರ ಹೇಳ್ಬೇಡಿ. ಜ್ವರ ಬಂದಿತ್ತು, ಈಗ ಚೆನ್ನಾಗಿದ್ದಾರೆ ಅಂದ್ಬಿಡಿ. ಕೇಳಿದ್ರೆ ಕೆಲಸ ಬಿಟ್ಟು ಬಂದ್ಬಿಡ್ತಾನೆ" ಎಂದರು.

ಅದಕ್ಕೆ ಮೂರು ವಾರ ಮುಂಚೆ ಆ ಮಗನೇ ನನಗೆ ಫೋನ್ ಮಾಡಿದ್ದ. ಮೂರು ತಿಂಗಳಿಂದ ಅವನಿಗೆ ಸಂಬಳ ಬಂದಿರಲಿಲ್ಲ. ಜೊತೆಯಲ್ಲಿದ್ದವರ ಬಳಿ ಸಾಲ ಮಾಡಿ ತಿಂಗಳು ತಿಂಗಳು ಮನೆಗೆ ಹಣ ಕಳಿಸುತ್ತಿದ್ದ. "ಅಮ್ಮನಿಗೆ ಗೊತ್ತಾಗಬಾರದು ಫಾದರ್. ಮೊದಲೇ ಶುಗರ್ ಇದೆ. ಯೋಚನೆ ಮಾಡಿ ಮಾಡಿ ಜಾಸ್ತಿ ಮಾಡ್ಕೊಳ್ತಾರೆ. ನೀವು ಆ ಕಡೆ ಹೋದ್ರೆ ನನ್ನ ಕೆಲಸ ಚೆನ್ನಾಗಿ ನಡೀತಿದೆ ಅಂತ ಹೇಳಿ."

ಪ್ರತಿ ಭಾನುವಾರ ಪೂಜೆ ಮುಗಿದ ಮೇಲೆ ತಾಯಿ ಮಗ ಐದು ನಿಮಿಷ ಮಾತನಾಡುತ್ತಿದ್ದರು. ಚೆನ್ನಾಗಿದ್ದೀಯಾ ಮಗಾ? ಚೆನ್ನಾಗಿದ್ದೀನಮ್ಮಾ, ನೀನು? ನನಗೇನಾಗಿದೆ, ಚೆನ್ನಾಗಿದ್ದೀನಿ. ಅಷ್ಟೇ. ಇನ್ನೂ ಸ್ವಲ್ಪ ಹೊತ್ತು ಮಾತನಾಡಬಾರದೇ ಎಂದು ಅವನನ್ನು ಕೇಳಿದೆ. "ಇಲ್ಲಿ ರೀಚಾರ್ಜ್ ಬೇಗ ಮುಗಿದು ಹೋಗುತ್ತೆ ಫಾದರ್" ಎಂದ. ಆಗ ಆ ಉತ್ತರ ನನಗೆ ಸರಿಯೆನಿಸಿತು.

ಫೋನಿಗೆ ತಗಲುವ ಹಣದ ಮಾತು ನಮಗೆ ಹೊಸದಲ್ಲ. ಸಿ-ಡಾಟ್ ಸಂಸ್ಥೆ ರೂಪಿಸಿದ ಗ್ರಾಮೀಣ ಎಕ್ಸ್‌ಚೇಂಜ್ ಮೊಟ್ಟಮೊದಲು ಕೆಲಸ ಆರಂಭಿಸಿದ್ದು 1986ರಲ್ಲಿ, ನಮ್ಮದೇ ರಾಜ್ಯದ ಕಿತ್ತೂರಿನಲ್ಲಿ. ಆಮೇಲೆ ಪೇಟೆ ಪೇಟೆಗೂ ಎಸ್.ಟಿ.ಡಿ., ಐ.ಎಸ್.ಡಿ. ಬೂತುಗಳು ಬಂದವು. 1990ರ ದಶಕದಲ್ಲಿ ಆ ಗಾಜಿನ ಪೆಟ್ಟಿಗೆಯೊಳಗೆ ನಿಂತು, ಕೆಂಪು ಅಂಕಿಗಳು ಓಡುವ ಮೀಟರನ್ನೇ ನೋಡುತ್ತಾ ಮಾತನಾಡಿದವರು ನಮ್ಮಲ್ಲಿ ಇನ್ನೂ ಅನೇಕರಿದ್ದಾರೆ. ಮನೆಯಲ್ಲಿ ಫೋನ್ ಇಲ್ಲದವರು ಪಕ್ಕದ ಮನೆಯ ಪಿ.ಪಿ. ನಂಬರ್ ಕೊಡುತ್ತಿದ್ದರು. ಹೊರದೇಶದ ಕರೆಗಳನ್ನು ಸಾಗಿಸುವ ಹಕ್ಕು 2002ರ ಮಾರ್ಚ್ ಕೊನೆಯವರೆಗೆ ವಿದೇಶ ಸಂಚಾರ ನಿಗಮವೊಂದಕ್ಕೇ ಇತ್ತು. ನಿಮಿಷಕ್ಕೆ ಹತ್ತಾರು ರೂಪಾಯಿ ಆಗುತ್ತಿದ್ದ ಕಾಲದಲ್ಲಿ "ಎಲ್ಲ ಚೆನ್ನಾಗಿದೆ" ಎನ್ನುವುದರಲ್ಲೇ ಕರೆ ಮುಗಿಯುತ್ತಿತ್ತು. ಉಳಿದದ್ದನ್ನು ಪತ್ರದಲ್ಲಿ ಬರೆಯುತ್ತಿದ್ದರು. ಈಗ ಪತ್ರ ಬರೆಯುವವರಿಲ್ಲ.

ಕರೆಯಾದರೋ ಅಗ್ಗವಾಗಿದೆ. ಹೊರದೇಶದಿಂದ ಬಂದ ಕರೆಯನ್ನು ನಮ್ಮ ಫೋನಿಗೆ ಮುಟ್ಟಿಸಿದ್ದಕ್ಕೆ ಇಲ್ಲಿಯ ಕಂಪನಿ ಪಡೆಯುವ ಶುಲ್ಕವನ್ನು ಟ್ರಾಯ್ 2018ರ ಫೆಬ್ರವರಿಯಿಂದ ನಿಮಿಷಕ್ಕೆ 53 ಪೈಸೆಯಿಂದ 30 ಪೈಸೆಗೆ ಇಳಿಸಿತು. 2020ರಲ್ಲಿ ಅದು 35ರಿಂದ 65 ಪೈಸೆಯ ಮಿತಿಯೊಳಗೆ ಕಂಪನಿಗಳ ತೀರ್ಮಾನಕ್ಕೆ ಬಿಟ್ಟ ವಿಷಯವಾಯಿತು. ಅಂದರೆ ನಮ್ಮ ಕಡೆಯ ಖರ್ಚು ಒಂದು ರೂಪಾಯಿಯೂ ಅಲ್ಲ. ಉಳಿದ ದರ ಕರೆ ಹೊರಡುವ ದೇಶದಲ್ಲಿ ನಿಗದಿಯಾಗುತ್ತದೆ. ಸೌದಿ ಅರೇಬಿಯಾ 2017ರಲ್ಲಿ ಇಂಟರ್‌ನೆಟ್ ಕರೆಗಳ ಮೇಲಿನ ನಿರ್ಬಂಧ ಸಡಿಲಿಸಿತು. ಆದರೆ ದುಬೈಯಲ್ಲಿ ವಾಟ್ಸಾಪ್ ಮೂಲಕ ಕರೆ ಮಾಡಲು ಬಹುಕಾಲದಿಂದ ತಡೆಯಿದೆ. ಬೋಟಿಮ್‌ನಂಥ ಅನುಮತಿ ಪಡೆದ ಸೇವೆಗಳನ್ನು ಅಥವಾ ಪ್ರಿಪೇಯ್ಡ್ ಸಿಮ್‌ನ ನಿಮಿಷಗಳನ್ನು ಬಳಸಬೇಕು. ಆದ್ದರಿಂದ ಆ ಹುಡುಗ ಹೇಳಿದ್ದರಲ್ಲಿ ಸ್ವಲ್ಪ ನಿಜವಿತ್ತು.

ಮಕ್ಕಳು ಹೊರದೇಶದಲ್ಲಿರುವ ಮನೆಗಳವರು ಕೆಲವು ಸಂಗತಿಗಳನ್ನು ತಿಳಿದಿರುವುದು ಒಳ್ಳೆಯದು. ಅಲ್ಲಿ ಹೆಚ್ಚು ಕಾಲ ಇರುವವರಿಗೆ ನಮ್ಮ ದೇಶದ ಸಿಮ್‌ನ ರೋಮಿಂಗ್‌ಗಿಂತ ಅಲ್ಲಿಯದೇ ಪ್ರಿಪೇಯ್ಡ್ ಸಿಮ್ ಸಾಮಾನ್ಯವಾಗಿ ಅಗ್ಗ. ಪ್ಯಾಕ್ ಕೊಳ್ಳುವಾಗ ದೊಡ್ಡ ಅಕ್ಷರದ ದರವನ್ನಷ್ಟೇ ನೋಡಬಾರದು. ಭಾರತಕ್ಕೆ ಎಷ್ಟು ನಿಮಿಷ, ಎಷ್ಟು ದಿನದೊಳಗೆ ಮುಗಿಸಬೇಕು, ಲೆಕ್ಕ ಸೆಕೆಂಡಿಗೋ ನಿಮಿಷಕ್ಕೋ ಎಂದು ಕೇಳಬೇಕು. ತಡೆಯಿರುವ ಸೇವೆಯನ್ನು ಕಳ್ಳದಾರಿಯಿಂದ ಬಳಸಲು ಹೋದರೆ ಆ ದೇಶದ ಕಾನೂನಿಗೆ ಸಿಕ್ಕಿಬೀಳಬಹುದು. ಗುರುತಿಲ್ಲದ ವಿದೇಶಿ ನಂಬರಿನಿಂದ ಮಿಸ್ಡ್ ಕಾಲ್ ಬಂದರೆ ತಿರುಗಿ ಕರೆ ಮಾಡಬೇಡಿ. ಅದು ಹಣ ಸುಲಿಯುವ ಮೋಸವಿರಬಹುದು. ದುಬೈ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ, ಕುವೈತ್ ಮತ್ತು ಸೌದಿಯದು ಎರಡೂವರೆ ಗಂಟೆ ಹಿಂದೆ. ಇಬ್ಬರಿಗೂ ಬಿಡುವಿರುವ ಒಂದು ಹೊತ್ತನ್ನು ಗೊತ್ತುಮಾಡಿಕೊಂಡರೆ ಅರ್ಧ ಖರ್ಚು ಉಳಿಯುತ್ತದೆ.

ಇದನ್ನೆಲ್ಲ ನಾನು ಆ ಹುಡುಗನಿಗೂ ಹೇಳಿದೆ. ಅವನು ಒಳ್ಳೆಯ ಪ್ಯಾಕ್ ಹುಡುಕಿ ಹಾಕಿಸಿಕೊಂಡ. ಕರೆ ಐದು ನಿಮಿಷದಿಂದ ಹದಿನೈದು ನಿಮಿಷಕ್ಕೆ ಏರಿತು. ಮಾತು ಮಾತ್ರ ಅದೇ! ಮಳೆ ಹೇಗಿದೆ, ಹಸು ಕರು ಹಾಕಿತೇ, ಊಟಕ್ಕೇನು, ಎಲ್ಲ ಚೆನ್ನಾಗಿದೆ. ನನಗೆ ಆಗ ತಿಳಿಯಿತು: ಅವರ ನಡುವೆ ಅಡ್ಡ ನಿಂತದ್ದು ದರವಲ್ಲ.

ಈಗ ನನ್ನ ತಪ್ಪನ್ನೂ ಹೇಳಬೇಕು. ಆ ದಿನಗಳಲ್ಲೇ ಒಮ್ಮೆ ಅವನು "ಫಾದರ್, ಅಮ್ಮ ಹೇಗಿದ್ದಾರೆ?" ಎಂದು ನೇರವಾಗಿ ಕೇಳಿದ. "ಚೆನ್ನಾಗಿದ್ದಾರಪ್ಪ" ಎಂದುಬಿಟ್ಟೆ. ಗುರುಮಠದಲ್ಲಿ ವರ್ಷಗಟ್ಟಲೆ ನೀತಿಶಾಸ್ತ್ರ ಓದಿದವನ ಬಾಯಿಂದ ಆ ಮಾತು ಎಷ್ಟು ಸರಾಗವಾಗಿ ಬಂತೆಂದು ಆ ರಾತ್ರಿ ನನಗೇ ನಾಚಿಕೆಯಾಯಿತು.

ಏಕೆಂದರೆ ಅಂಥ ಸುಳ್ಳನ್ನು ಕೇಳಿಸಿಕೊಂಡವನ ಸಂಕಟ ನನಗೆ ಗೊತ್ತು. ನಾನು ಗುರುಮಠದಲ್ಲಿದ್ದಾಗ ಊರಿನಲ್ಲಿ ಅಜ್ಜಿಗೆ ಕಾಯಿಲೆಯಾಯಿತು. ಫೋನಿನಲ್ಲಿ ಕೇಳಿದಾಗಲೆಲ್ಲ "ಪರವಾಗಿಲ್ಲ, ನೀನು ಓದಿಕೋ" ಎನ್ನುತ್ತಿದ್ದರು. ಪರೀಕ್ಷೆ ಮುಗಿದ ಮೇಲೆ ಊರಿಗೆ ಹೋದರೆ, ಅಜ್ಜಿಯನ್ನು ಮಣ್ಣು ಮಾಡಿ ಹನ್ನೊಂದು ದಿನಗಳಾಗಿದ್ದವು. ಮನೆಯವರದು ಪ್ರೀತಿಯೇ, ಅದರಲ್ಲಿ ಸಂದೇಹವಿಲ್ಲ. ಆದರೆ ಆ ಹನ್ನೊಂದು ದಿನವೂ ನಾನು ಆಕೆ ಗುಣವಾಗಲಿ ಎಂದು ಬೇಡಿಕೊಂಡಿದ್ದೆ. ಅಗಲಿದ ಆತ್ಮಕ್ಕಾಗಿ ಮಾಡಬೇಕಾದ ಪ್ರಾರ್ಥನೆಯನ್ನು ಮಾಡಲೇ ಇಲ್ಲ. ನನ್ನ ದುಃಖವನ್ನು ತಪ್ಪಿಸಲು ಹೋಗಿ ನನ್ನ ಪಾಲಿನ ಕರ್ತವ್ಯವನ್ನು ನನ್ನಿಂದ ಕಿತ್ತುಕೊಂಡಿದ್ದರು.

ಪ್ರೀತಿಯಿಂದ ಹೇಳುವ ಸುಳ್ಳು ತಪ್ಪೇ? ಇದು ಹಳೆಯ ಪ್ರಶ್ನೆ. ಸುಮಾರು 420ರಲ್ಲಿ ಸಂತ ಅಗಸ್ಟೀನರು ಸುಳ್ಳಿನ ವಿರುದ್ಧ ಬರೆದ ಗ್ರಂಥದಲ್ಲಿ ಇಂಥದೇ ಒಂದು ಸನ್ನಿವೇಶವನ್ನು ತೆಗೆದುಕೊಳ್ಳುತ್ತಾರೆ. ಒಬ್ಬ ರೋಗಿ ಸಾವಿನ ದವಡೆಯಲ್ಲಿದ್ದಾನೆ. ಅವನ ಒಬ್ಬನೇ ಮಗ ತೀರಿಹೋಗಿದ್ದಾನೆ. ಮಗ ಬದುಕಿದ್ದಾನೆಯೇ ಎಂದು ಅವನು ಕೇಳಿದರೆ ಏನು ಹೇಳುವುದು? ಮನುಷ್ಯನಾಗಿ ತಮ್ಮ ಹೃದಯವೂ ಅಲುಗುತ್ತದೆಂದು ಅಗಸ್ಟೀನರು ಒಪ್ಪುತ್ತಾರೆ. ಆದರೂ ಸುಳ್ಳನ್ನು ಒಪ್ಪುವುದಿಲ್ಲ. ಸಂತ ಥಾಮಸ್ ಅಕ್ವಿನಾಸರು ಸುಳ್ಳನ್ನು ಹಾನಿಗಾಗಿ ಹೇಳಿದ್ದು, ತಮಾಷೆಗಾಗಿ ಹೇಳಿದ್ದು, ಉಪಕಾರಕ್ಕಾಗಿ ಹೇಳಿದ್ದು ಎಂದು ವಿಂಗಡಿಸಿದರು. ಉಪಕಾರದ ಸುಳ್ಳು ಹಗುರವಾದರೂ ತಪ್ಪೇ ಎಂದರು. ಜೊತೆಗೆ ಇನ್ನೊಂದು ಮಾತನ್ನೂ ಸೇರಿಸಿದರು: ವಿವೇಕದಿಂದ ಸತ್ಯವನ್ನು ಮರೆಮಾಡುವುದು ಬೇರೆ, ಸುಳ್ಳು ಹೇಳುವುದು ಬೇರೆ. ಎಲ್ಲರಿಗೂ ಎಲ್ಲವನ್ನೂ ಹೇಳಬೇಕಿಲ್ಲ, ತಿಳಿಯುವ ಹಕ್ಕು ಯಾರಿಗಿದೆ ಎಂದು ನೋಡಬೇಕು ಎಂಬುದು ಧರ್ಮಸಭೆಯ ಉಪದೇಶವೂ ಹೌದು.

ಹಾಗಾದರೆ ತಾಯಿಯ ಕಾಲಿನ ವಿಷಯ ತಿಳಿಯುವ ಹಕ್ಕು ಯಾರಿಗಿದೆ? ಪಕ್ಕದ ಮನೆಯವರಿಗೆ ಇಲ್ಲದಿರಬಹುದು. ಮಗನಿಗಿದೆ. ತಿಳಿದರೆ ಅವನು ಮಾಡಬೇಕಾದದ್ದು ಬೇರೆಯಾಗುತ್ತದೆ. ನನ್ನ ಮಟ್ಟಿಗೆ ಅಳತೆಗೋಲು ಇದೇ. ನಾನು ಮುಚ್ಚಿಡುವ ಸಂಗತಿ ಇನ್ನೊಬ್ಬರ ಕರ್ತವ್ಯವನ್ನು ಬದಲಿಸುವುದಾದರೆ, ಅದು ನನ್ನ ಗುಟ್ಟಲ್ಲ. ಅದರಲ್ಲಿ ಅವರದೂ ಪಾಲಿದೆ. ಆ ಮನೆಯಲ್ಲಿ ಆದದ್ದನ್ನೇ ನೋಡಿ. ಮಗ ಸಾಲ ಮಾಡಿ ಕಳಿಸಿದ ಹಣವನ್ನು ತಾಯಿ ಔಷಧಕ್ಕೆ ಮುಟ್ಟದೆ, ಅವನ ಮದುವೆಗೆಂದು ಸೊಸೈಟಿಯಲ್ಲಿ ಇಡುತ್ತಿದ್ದರು. ಮಾತ್ರೆಗಳನ್ನು ಅರ್ಧ ಮಾಡಿ ನುಂಗುತ್ತಿದ್ದರು. ಅವನು ಅಲ್ಲಿ ಒಂದು ಹೊತ್ತಿನ ಊಟ ಬಿಟ್ಟಿದ್ದ. ಇಬ್ಬರೂ ಒಬ್ಬರಿಗಾಗಿ ಒಬ್ಬರು ಸವೆಯುತ್ತಿದ್ದರು, ಇಬ್ಬರ ತ್ಯಾಗವೂ ವ್ಯರ್ಥವಾಗುತ್ತಿತ್ತು.

ಸಂತ ಪೌಲರು ಸೆರೆಯಲ್ಲಿದ್ದಾಗ ಫಿಲಿಪ್ಪಿಯ ಕ್ರೈಸ್ತರು ಎಪಫ್ರೊದೀತನೆಂಬವನ ಕೈಯಲ್ಲಿ ಅವರಿಗೆ ನೆರವು ಕಳಿಸಿದರು. ಅಲ್ಲಿ ಅವನು ಕಾಯಿಲೆ ಬಿದ್ದ. ಆ ಸುದ್ದಿ ಊರಿಗೆ ಮುಟ್ಟಿತೆಂದು ತಿಳಿದು ಅವನು ಇನ್ನೂ ನೊಂದುಕೊಂಡ. ಹೊರದೇಶದಲ್ಲಿರುವ ನಮ್ಮ ಮಕ್ಕಳ ಹಾಗೆಯೇ! ಪೌಲರು ಏನೂ ಆಗಿಲ್ಲವೆಂದು ಬರೆಯಲಿಲ್ಲ. ಅವನು ಸಾಯುವಷ್ಟು ಕಾಯಿಲೆ ಬಿದ್ದದ್ದು ನಿಜವೆಂದರು, ದೇವರು ಕರುಣೆ ತೋರಿದರೆಂದರು, ಅವನನ್ನು ಊರಿಗೆ ಕಳಿಸಿಕೊಟ್ಟರು. ಸತ್ಯ, ಭರವಸೆ, ಮುಂದಿನ ಹೆಜ್ಜೆ, ಮೂರೂ ಆ ಪತ್ರದಲ್ಲಿವೆ. ಕೆಟ್ಟ ಸುದ್ದಿಯನ್ನು ಹೇಳುವ ಬಗೆಗೆ ಇದಕ್ಕಿಂತ ಒಳ್ಳೆಯ ಮಾದರಿ ನನಗೆ ಗೊತ್ತಿಲ್ಲ.

ನಮ್ಮ ಹತ್ತಿರದ ಉದಾಹರಣೆಯೂ ಇದೆ. 2023ರ ಏಪ್ರಿಲ್‌ನಲ್ಲಿ ಸುಡಾನಿನಲ್ಲಿ ಯುದ್ಧ ಹೊತ್ತಿಕೊಂಡಾಗ, ಗಿಡಮೂಲಿಕೆಯ ಔಷಧ ಮಾರಲು ಹೋಗಿದ್ದ ಕರ್ನಾಟಕದ ಹಕ್ಕಿಪಿಕ್ಕಿ ಜನರು ಅಲ್ಲಿ ಸಿಕ್ಕಿಬಿದ್ದರು. ಅವರಲ್ಲಿ ನಮ್ಮ ಶಿವಮೊಗ್ಗ ಜಿಲ್ಲೆಯವರೂ ಇದ್ದರು. ಊಟವಿಲ್ಲ, ನೀರಿಲ್ಲ, ಹೊರಗೆ ಗುಂಡಿನ ಸದ್ದು ಎಂದು ಅವರು ಫೋನಿನಲ್ಲಿ ಇದ್ದುದನ್ನು ಇದ್ದಂತೆ ಹೇಳಿದರು. ಮನೆಯವರಿಗೆ ನಿದ್ದೆ ಕೆಟ್ಟಿರಬೇಕು. ಆದರೆ ಸಂಗತಿ ಊರಿಗೆ, ಪತ್ರಿಕೆಗಳಿಗೆ, ಸರ್ಕಾರಕ್ಕೆ ಮುಟ್ಟಿತು. ಭಾರತ ಸರ್ಕಾರ ‘ಆಪರೇಷನ್ ಕಾವೇರಿ’ಯ ಮೂಲಕ ಸುಡಾನಿನಲ್ಲಿದ್ದ ಭಾರತೀಯರನ್ನು ಕರೆತಂದಿತು. ಚೆನ್ನಾಗಿದ್ದೇವೆ ಎಂದವರನ್ನು ಹುಡುಕಿಕೊಂಡು ಯಾರು ಹೋಗುತ್ತಾರೆ?

ಕೊನೆಗೆ ನಾನು ತಾಯಿಗೂ ಮಗನಿಗೂ ಒಂದೇ ಮಾತು ಹೇಳಿದೆ. ನಂಬಿ ಹೇಳಿದ್ದನ್ನು ನಾನು ಬಯಲು ಮಾಡುವುದಿಲ್ಲ. ಆದರೆ ಕೇಳಿದರೆ ಇನ್ನು ಮೇಲೆ ಸುಳ್ಳು ಹೇಳುವುದಿಲ್ಲ, ಅವರನ್ನೇ ಕೇಳು ಎನ್ನುತ್ತೇನೆ. ಎರಡು ಭಾನುವಾರ ಏನೂ ಆಗಲಿಲ್ಲ. ಮೂರನೆಯ ಭಾನುವಾರ ಮಗ ವೀಡಿಯೊ ಕರೆ ಮಾಡಿದಾಗ ತಾಯಿ ನಮ್ಮ ಗುರುಮನೆಯ ಜಗುಲಿಯಲ್ಲೇ ಕುಳಿತಿದ್ದರು. ವೀಡಿಯೊದಲ್ಲೂ ಮುಖ ಕಾಣುತ್ತದೆಯೇ ಹೊರತು ಕಾಲು ಕಾಣುವುದಿಲ್ಲ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ಫೋನನ್ನು ನಿಧಾನವಾಗಿ ಕೆಳಗೆ ತಿರುಗಿಸಿದರು. ನಾನು ಎದ್ದು ಒಳಗೆ ಹೋದೆ. ಆ ಕರೆ ಮುಗಿಯಲು ಮುಕ್ಕಾಲು ಗಂಟೆಯಾಯಿತು. ಅವನೂ ತನ್ನದನ್ನು ಹೇಳಿಕೊಂಡಿದ್ದ.

ಎಲ್ಲವೂ ಸರಿಹೋಯಿತೆಂದು ನಾನು ಬರೆಯಲಾರೆ. ಅವನು ದುಬೈಯ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರವನ್ನು ವಿಚಾರಿಸಿದ. ಬಾಕಿ ಸಂಬಳದಲ್ಲಿ ಒಂದು ಭಾಗ ಬಂದಿದೆ. ನಾನು ಅವನಿಗೆ ಸುಳ್ಳು ಹೇಳಿದ್ದಕ್ಕೆ ಕ್ಷಮೆ ಕೇಳಿದೆ. ಆದರೂ ಕೆಲವು ವಾರ ಅವನು ನನ್ನೊಡನೆ ಮಾತು ಬಿಟ್ಟಿದ್ದ. ಅದು ನ್ಯಾಯವೇ. ತಾಯಿ ಈಗ ಮಾತ್ರೆಯನ್ನು ಪೂರ್ತಿ ನುಂಗುತ್ತಾರೆ. ಸೊಸೈಟಿಯ ಹಣದಿಂದ ಅವನ ಸಾಲದ ಒಂದು ಪಾಲು ತೀರಿತು. ಅವನು ಕೆಲಸ ಬಿಟ್ಟು ಓಡಿ ಬರಲಿಲ್ಲ, ಸಕ್ಕರೆ ಕಾಯಿಲೆ ಏರಲೂ ಇಲ್ಲ. ಇಬ್ಬರೂ ಹೆದರಿದ್ದು ನಡೆಯಲೇ ಇಲ್ಲ.

ಪ್ರಿಯ ಓದುಗರೇ, ಕೆಟ್ಟ ಸುದ್ದಿಯನ್ನು ಹೇಳಲು ಹೊತ್ತು ನೋಡಬೇಕು. ಅವನು ಗಾಡಿ ಓಡಿಸುವಾಗ ಬೇಡ, ನಡುರಾತ್ರಿ ಬೇಡ. ಮಾತನ್ನು ಮೃದುವಾಗಿ ಆರಿಸಿಕೊಳ್ಳಬೇಕು. ಒಂದೆರಡು ದಿನ ಕಾಯುವುದರಲ್ಲೂ ತಪ್ಪಿಲ್ಲ. ಆದರೆ ಕಾಯುವುದನ್ನೇ ರೂಢಿ ಮಾಡಿಕೊಳ್ಳಬಾರದು. ಮುಂದಿನ ಭಾನುವಾರ ಮಕ್ಕಳು ಹೊರದೇಶದಿಂದ ಕರೆ ಮಾಡಿದಾಗ "ಚೆನ್ನಾಗಿದ್ದೀಯಾ?" ಎನ್ನುವ ಬದಲು "ಈ ವಾರ ನಿನಗೆ ಕಷ್ಟವಾದದ್ದು ಏನು?" ಎಂದು ಕೇಳಿ ನೋಡಿ. ಅವರು ಉತ್ತರಿಸಲು ಹಿಂಜರಿದರೆ, ಮೊದಲು ನಿಮ್ಮದನ್ನು ಹೇಳಿ.