ಕೆಂಪು ಕಾರಿನ ಎರಡನೆಯ ಸೀಟು



ಹೊಸ ವಾಹನ ಕೊಂಡವರು ಅದನ್ನು ಮೊದಲು ದೇವಾಲಯದ ಅಂಗಳಕ್ಕೆ ತರುವುದು ನಮ್ಮಲ್ಲಿ ವಾಡಿಕೆ. ಭಾನುವಾರದ ಬಲಿಪೂಜೆ ಮುಗಿದ ಮೇಲೆ ಗುರುಗಳು ಪ್ರಾರ್ಥಿಸಿ, ತೀರ್ಥ ಚಿಮುಕಿಸಿ, ಜೋಪಾನವಾಗಿ ಓಡಿಸಿ ಎಂದು ಹೇಳಿ ಕಳುಹಿಸುತ್ತಾರೆ. ನಾನು ಹೀಗೆ ಸ್ಕೂಟರು, ಆಟೋ, ಟಿಲ್ಲರು, ಒಮ್ಮೆ ಬೋರ್‌ವೆಲ್ ಲಾರಿಯನ್ನೂ ಆಶೀರ್ವದಿಸಿದ್ದೇನೆ. 2017ರ ನವೆಂಬರ್ ತಿಂಗಳ ಮೊದಲ ಭಾನುವಾರ ನನ್ನ ಆಗಿನ ಧರ್ಮಕೇಂದ್ರದ ಅಂಗಳಕ್ಕೆ ಬಂದದ್ದು ಮಾತ್ರ ಬೇರೆಯೇ. ಎರಡೇ ಸೀಟಿನ, ಬಟ್ಟೆಯ ಮಾಡನ್ನು ಹಿಂದಕ್ಕೆ ಮಡಚಿದ, ಮಾಗಿದ ಕಾಫಿ ಹಣ್ಣಿನಂಥ ಕೆಂಪು ಬಣ್ಣದ ಸ್ಪೋರ್ಟ್ಸ್ ಕಾರು. ಅದು ಮಲೆನಾಡಿನ ಸಣ್ಣ ಊರು. ಅಂದು ಪೂಜೆಗೆ ಬಂದಿದ್ದ ಮಕ್ಕಳಾರೂ ಧರ್ಮೋಪದೇಶದ ತರಗತಿಗೆ ಹೋಗಲಿಲ್ಲ.

ಅದು ಹೊಸ ಕಾರೂ ಅಲ್ಲ, ವಿದೇಶಿಯೂ ಅಲ್ಲ. ಗೋವಾದಲ್ಲಿ ತಯಾರಾಗುತ್ತಿದ್ದ ಸ್ಯಾನ್ ಸ್ಟಾರ್ಮ್ ಎಂಬ ಕಾರು. ಮೈಯೆಲ್ಲ ಫೈಬರ್‌ಗ್ಲಾಸ್, ಒಳಗೆ ರೆನೋ ಕಂಪನಿಯ 1149 ಸಿ.ಸಿ. ಎಂಜಿನ್, ಶಕ್ತಿ ಸುಮಾರು 60 ಅಶ್ವಶಕ್ತಿ. ನೋಟಕ್ಕೆ ಹುಲಿ, ಆದರೆ ಘಾಟಿಯಲ್ಲಿ ಸಾಧಾರಣ ಸ್ವಿಫ್ಟ್ ಕೂಡ ಅದನ್ನು ಹಿಂದೆ ಹಾಕೀತು. ಅದರ ಯಜಮಾನರು ಐವತ್ತು ದಾಟಿದವರು, ಕುವೈತಿನ ಗ್ಯಾರೇಜೊಂದರಲ್ಲಿ ಇಪ್ಪತ್ತು ವರ್ಷ ಬೇರೆಯವರ ಕಾರುಗಳಿಗೆ ಬಣ್ಣ ಹೊಡೆದು ಊರಿಗೆ ಮರಳಿದವರು. ಯಾರದೋ ಶೆಡ್ಡಿನಲ್ಲಿ ಬಿರುಕು ಬಿಟ್ಟು ಬಿದ್ದಿದ್ದ ಈ ಗಾಡಿಯನ್ನು ಕೊಂಡು, ಬಿರುಕುಗಳಿಗೆ ಪಟ್ಟಿ ಹಾಕಿ, ತಿಂಗಳುಗಟ್ಟಲೆ ಉಜ್ಜಿ, ಪ್ರೈಮರ್ ಹೊಡೆದು, ಮತ್ತೆ ಉಜ್ಜಿ ಬಣ್ಣ ಕೊಟ್ಟಿದ್ದರು. ಸೀಟಿಗೆ ಕೆನೆಬಣ್ಣದ ಹೊಲಿಗೆ, ಹೊಸ ಅಲಾಯ್ ಚಕ್ರ. ಬಣ್ಣ ಬದಲಾದದ್ದನ್ನು ಆರ್.ಟಿ.ಓ. ಕಚೇರಿಗೆ ಅಲೆದು ಆರ್.ಸಿ.ಯಲ್ಲಿ ಬರೆಸಿದ್ದರು ಎಂಬುದನ್ನೂ ಹೇಳಬೇಕು. ಎಷ್ಟೋ ಜನ ಅದನ್ನು ಮಾಡುವುದಿಲ್ಲ. ಗಾಡಿಯ ಮೂಲ ರಚನೆಯನ್ನು ತಯಾರಕರ ವಿವರಕ್ಕೆ ವಿರುದ್ಧವಾಗಿ ಮಾರ್ಪಡಿಸುವಂತಿಲ್ಲವೆಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೇ ಸ್ಪಷ್ಟಪಡಿಸಿದೆ. ಸೈಲೆನ್ಸರ್ ಕಿತ್ತು ರಾತ್ರಿಯೆಲ್ಲ ಊರನ್ನು ನಡುಗಿಸುವ ನಮ್ಮ ತರುಣರಿಗೆ ಈ ಮಾತು.

ನಾನು ಆಶೀರ್ವದಿಸಿದೆ. ಆದರೆ ಮನಸ್ಸಿನಲ್ಲಿ ಒಂದು ಮುಳ್ಳು ಉಳಿಯಿತು.

ಕೆಲವು ದಿನಗಳ ಬಳಿಕ ಬೆಳಗಿನ ನಡಿಗೆಯಲ್ಲಿ ಅವರು ಕಣ್ಣಿಗೆ ಬಿದ್ದರು. ತೋಟದ ರಸ್ತೆಯ ತಿರುವಿನಲ್ಲಿ ಕಾರು ನಿಲ್ಲಿಸಿ ಫೋಟೋ ತೆಗೆಯುತ್ತಿದ್ದರು. ಅದಕ್ಕೂ ಒಂದು ವಿದ್ಯೆಯುಂಟು ಎಂದು ನನಗೆ ಗೊತ್ತಾದದ್ದು ಅಂದೇ. ಬಿಸಿಲು ನೆತ್ತಿಗೇರುವ ಮೊದಲು, ಓರೆ ಬೆಳಕಿನಲ್ಲಿ ತೆಗೆಯಬೇಕು. ಕ್ಯಾಮೆರಾ ನಮ್ಮ ಕಣ್ಣಿನ ಎತ್ತರದಲ್ಲಲ್ಲ, ಕಾರಿನ ದೀಪದ ಎತ್ತರದಲ್ಲಿರಬೇಕು. ಅದಕ್ಕಾಗಿ ಅವರು ಒದ್ದೆ ಹುಲ್ಲಿನ ಮೇಲೆ ಮಂಡಿಯೂರಿದ್ದರು. ಮುಂದಿನ ಚಕ್ರವನ್ನು ತುಸು ತಿರುಗಿಸಿದರೆ ಅದರ ಮುಖ ಚೆನ್ನಾಗಿ ಕಾಣುತ್ತದೆ. ಗಾಜಿನ ಮೇಲಿನ ಆಕಾಶದ ಹೊಳಪು ಕಡಿಮೆಯಾಗಲು ಲೆನ್ಸಿಗೆ ಪೋಲರೈಸರ್ ಫಿಲ್ಟರ್ ಹಾಕಿ ತಿರುಗಿಸುತ್ತಾರೆ. ಹಿನ್ನೆಲೆಯಲ್ಲಿ ವಿದ್ಯುತ್ ಕಂಬ, ಪ್ಲಾಸ್ಟಿಕ್ ಚೀಲ ಏನೂ ಬರಕೂಡದು. ಮನುಷ್ಯರಂತೂ ಬರಲೇಕೂಡದು.

"ಫಾದರ್, ಸ್ವಲ್ಪ ಆ ಕಡೆ ನಿಲ್ತೀರಾ? ಬಾಗಿಲ ಮೇಲೆ ನಿಮ್ಮ ಬಿಳಿ ನಿಲುವಂಗಿ ಕಾಣ್ತಿದೆ" ಎಂದರು. ನಾನು ಸರಿದು ನಿಂತೆ. ಸರಿದಾಗ ಕಂಡದ್ದು, ತಲೆಯ ಮೇಲೆ ಸೌದೆಯ ಹೊರೆ ಹೊತ್ತ ತೋಟದ ಹೆಂಗಸೊಬ್ಬಳು. ಆಕೆ ರಸ್ತೆಯ ಪಕ್ಕದಲ್ಲಿ ಕಾಯುತ್ತಿದ್ದಳು. ಫೋಟೋ ಮುಗಿಯಲಿ, ಆಮೇಲೆ ದಾಟೋಣ ಎಂದು. ಯಾರೂ ಆಕೆಗೆ ನಿಲ್ಲು ಎಂದಿರಲಿಲ್ಲ. ತಾನು ಆ ಚಿತ್ರಕ್ಕೆ ಸೇರಿದವಳಲ್ಲ ಎಂಬುದು ಆಕೆಗೇ ಗೊತ್ತಿತ್ತು.

ಮುಂದಿನ ಭಾನುವಾರ ನಾನು ಇದನ್ನೇ ಪ್ರಬೋಧನೆ ಮಾಡಿದೆ. ಹೆಸರು ಹೇಳಲಿಲ್ಲ, ಆದರೆ ಕೆಂಪು ಎಂದೆ. ಇಡೀ ದೇವಾಲಯ ಒಂದೇ ಕಡೆಗೆ ತಿರುಗಿತು. ಪೋಪ್ ಫ್ರಾನ್ಸಿಸರು 2013ರ ಜುಲೈಯಲ್ಲಿ ಗುರುವಿದ್ಯಾರ್ಥಿಗಳಿಗೂ ಕನ್ಯಾಸ್ತ್ರೀ ಅಭ್ಯರ್ಥಿಗಳಿಗೂ ಹೇಳಿದ್ದನ್ನು ನೆನಪಿಸಿದೆ: ಗುರುವೋ ಕನ್ಯಾಸ್ತ್ರೀಯೋ ಹೊಚ್ಚಹೊಸ ಮಾದರಿಯ ಕಾರಿನಲ್ಲಿ ಓಡಾಡುವುದನ್ನು ಕಂಡರೆ ತಮಗೆ ನೋವಾಗುತ್ತದೆ, ಅಂಥದ್ದು ಬೇಕೆನಿಸಿದಾಗ ಹಸಿವಿನಿಂದ ಸಾಯುವ ಮಕ್ಕಳನ್ನು ನೆನೆಯಿರಿ ಎಂದಿದ್ದರು ಅವರು. ಆ ಮಾತು ಹೇಳಿದ್ದು ನಮ್ಮಂಥವರಿಗೆ, ಸಂಸಾರಸ್ಥರಿಗಲ್ಲ ಎಂಬುದನ್ನು ನಾನು ಹೇಳಲಿಲ್ಲ. ಅವರು ಆಮೇಲೂ ಪೂಜೆಗೆ ಬರುತ್ತಿದ್ದರು. ಆದರೆ ಒಳಗೆ ಕೂರದೆ ಬಾಗಿಲ ಬಳಿ ನಿಲ್ಲತೊಡಗಿದರು.

ಅದೇ ತಿಂಗಳು ಒಂದು ದಿನ ಪತ್ರಿಕೆ ಹಿಡಿದು ಗುರುನಿವಾಸಕ್ಕೆ ಬಂದರು. "ಪೋಪರಿಗೂ ಸ್ಪೋರ್ಟ್ಸ್ ಕಾರು ಬಂತು ಫಾದರ್!" ಎಂದರು. ಸುದ್ದಿ ನಿಜವೇ. ನವೆಂಬರ್ 15ರಂದು ಲ್ಯಾಂಬೊರ್ಗಿನಿ ಕಂಪನಿಯವರು ವ್ಯಾಟಿಕನ್‌ಗೆ ಹುರಕಾನ್ ಎಂಬ ಕಾರನ್ನು ತಂದೊಪ್ಪಿಸಿದ್ದರು. ಬಿಳಿಯ ಮೈ, ಮೇಲೆ ಹೊಂಬಣ್ಣದ ಪಟ್ಟಿ, ಅಂದರೆ ವ್ಯಾಟಿಕನ್ ಧ್ವಜದ ಬಣ್ಣಗಳು. ಗ್ರಾಹಕರ ಇಷ್ಟದಂತೆ ಕಾರುಗಳನ್ನು ಅಲಂಕರಿಸುವ ಆ ಕಂಪನಿಯ ವಿಭಾಗದ ಹೆಸರು 'ಆದ್ ಪರ್ಸೋನಾಮ್'. ಗುರುಮಠದಲ್ಲಿ ಕಲಿತ ಲತೀನ್ ಇಲ್ಲಿ ಉಪಯೋಗಕ್ಕೆ ಬರುತ್ತದೆಂದು ನಾನೆಂದೂ ಎಣಿಸಿರಲಿಲ್ಲ. 'ವ್ಯಕ್ತಿಗೆ ತಕ್ಕಂತೆ' ಎಂದು ಅದರ ಅರ್ಥ. ಆದರೆ ಆ ವ್ಯಕ್ತಿ ಅದನ್ನು ಓಡಿಸಲಿಲ್ಲ. ಆಶೀರ್ವದಿಸಿ, ಮುಂಭಾಗದ ಮೇಲೆ ಸಹಿ ಹಾಕಿ ಹರಾಜಿಗೆ ಬಿಟ್ಟರು. 2018ರ ಮೇ ತಿಂಗಳಲ್ಲಿ ಮೊನಾಕೊದಲ್ಲಿ ಅದು 7 ಲಕ್ಷ ಯೂರೋಗೂ ಹೆಚ್ಚಿಗೆ ಮಾರಾಟವಾಯಿತು. ಇರಾಕಿನ ನಿನೆವೆ ಬಯಲಿನಲ್ಲಿ ಮನೆಮಠ ಕಳೆದುಕೊಂಡ ಕ್ರೈಸ್ತರ ಪುನರ್ವಸತಿಗೂ ಇತರ ಸೇವಾಕಾರ್ಯಗಳಿಗೂ ಆ ಹಣ ಮೀಸಲಾಗಿತ್ತು. 2005ರಲ್ಲಿ ಎರಡನೆಯ ಜಾನ್ ಪೌಲರಿಗೆ ಕಾಣಿಕೆಯಾಗಿ ಬಂದ ಫೆರಾರಿಯೂ ಹೀಗೆಯೇ ಹರಾಜಾಗಿ ಸುನಾಮಿ ಸಂತ್ರಸ್ತರಿಗೆ ನೆರವಾಯಿತು.

"ನೋಡಿದಿರಾ, ಅವರು ಕೊಟ್ಟುಬಿಟ್ಟರು" ಎಂದೆ ನಾನು, ಗೆದ್ದವನಂತೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವರು ಅದಕ್ಕೆ ಬಣ್ಣ ಹೊಡೆದಿರಲಿಲ್ಲ ಫಾದರ್" ಎಂದರು.

ಈ ಮಾತಿಗೆ ನನ್ನ ಬಳಿ ಉತ್ತರವಿರಲಿಲ್ಲ. ಸ್ವತಃ ಉಜ್ಜಿ ಬಣ್ಣ ಹೊಡೆದದ್ದಕ್ಕೂ ಕಾಣಿಕೆಯಾಗಿ ಬಂದದ್ದಕ್ಕೂ ಬೇರೆ ಬೇರೆ ತಕ್ಕಡಿ ಬೇಕಲ್ಲವೆ? ಸಂತ ತೋಮಸ್ ಅಕ್ವಿನಾಸರು ತಮ್ಮ ದೊಡ್ಡ ಗ್ರಂಥದಲ್ಲಿ ಈ ಪ್ರಶ್ನೆಯನ್ನು ಎತ್ತುತ್ತಾರೆ: ಮನುಷ್ಯ ಒಂದು ವಸ್ತುವನ್ನು ತನ್ನದೆಂದು ಇಟ್ಟುಕೊಳ್ಳಬಹುದೆ? ಇಟ್ಟುಕೊಳ್ಳಬಹುದು ಎನ್ನುತ್ತಾರೆ. ಮೊದಲ ಕಾರಣ ನಮ್ಮ ರೈತರಿಗೂ ಗೊತ್ತಿರುವಂಥದ್ದೇ. ಎಲ್ಲರಿಗೂ ಸೇರಿದ್ದನ್ನು ಯಾರೂ ನೋಡಿಕೊಳ್ಳುವುದಿಲ್ಲ, ತನ್ನದಾದರೆ ಮನುಷ್ಯ ಜತನ ಮಾಡುತ್ತಾನೆ. ಶೆಡ್ಡಿನಲ್ಲಿ ಕೊಳೆಯುತ್ತಿದ್ದ ಆ ಗಾಡಿಗೆ ಜೀವ ಬಂದದ್ದು ಹೀಗೆಯೇ. ಇಪ್ಪತ್ತು ವರ್ಷ ಪರರ ಕಾರಿಗೆ ಹೊಳಪು ಕೊಟ್ಟ ಕೈ ಒಮ್ಮೆ ತನ್ನದಕ್ಕೆ ಹೊಳಪು ಕೊಟ್ಟು, ಆ ಹೊಳಪಿನ ಚಿತ್ರ ತೆಗೆದರೆ ಅದರಲ್ಲಿ ಪಾಪವೇನು? ತಾನು ಮಾಡಿದ್ದು ಚೆನ್ನಾಗಿದೆಯೆಂದು ನಿಂತು ನೋಡುವುದು ಆದಿಕಾಂಡದ ಮೊದಲ ಅಧ್ಯಾಯದಲ್ಲೇ ಇದೆ.

ಆದರೆ ತೋಮಸರು ಅಲ್ಲಿಗೇ ನಿಲ್ಲಿಸುವುದಿಲ್ಲ. ನೋಡಿಕೊಳ್ಳುವಾಗ ವಸ್ತು ನಿನ್ನದು, ಬಳಸುವಾಗ ಅದು ಎಲ್ಲರದೂ ಎಂಬಂತಿರಬೇಕು, ಕಷ್ಟದಲ್ಲಿರುವವನಿಗೆ ಅದು ಸುಲಭವಾಗಿ ಸಿಗಬೇಕು ಎಂಬುದು ಅವರ ವಾದದ ಮಿಕ್ಕರ್ಧ. ಹಾಗಾದರೆ ಕಾರಿನವರಿಗೆ ಕೇಳಬೇಕಾದದ್ದು ಇದನ್ನೇಕೆ ಕೊಂಡಿರಿ, ಇದಕ್ಕೇಕೆ ಬಣ್ಣ ಹೊಡೆದಿರಿ ಎಂದಲ್ಲ. ಆ ಎರಡನೆಯ ಸೀಟಿನಲ್ಲಿ ಇದುವರೆಗೆ ಯಾರು ಕೂತಿದ್ದಾರೆ ಎಂದು. ನಾನು ಅದನ್ನು ಕೇಳಲಿಲ್ಲ. ಪ್ರಬೋಧನೆಗೆ ಫೋಟೋ ಸಾಕಾಗಿತ್ತು.

ಅಂದು ನನಗೆ ಇನ್ನೊಂದು ಪ್ರಸಂಗವೂ ನೆನಪಿಗೆ ಬರಬೇಕಿತ್ತು. ಬೆಥಾನಿಯದಲ್ಲಿ ಮರಿಯಳು ಬೆಲೆಬಾಳುವ ಸುಗಂಧ ತೈಲವನ್ನು ಯೇಸುಸ್ವಾಮಿಯ ಪಾದಗಳಿಗೆ ಸುರಿದಾಗ, ಅದನ್ನು 300 ದಿನಾರಿಗೆ ಮಾರಿ ಬಡವರಿಗೆ ಹಂಚಬಹುದಿತ್ತಲ್ಲ ಎಂದು ಆಕ್ಷೇಪಿಸಿದವನು ಯಾರೆಂದು ನಿಮಗೆ ಗೊತ್ತು. ಪರರ ಖರ್ಚಿನ ಲೆಕ್ಕ ಹಾಕುವವನ ಲೆಕ್ಕ ಯಾವಾಗಲೂ ಶುದ್ಧವಾಗಿರುವುದಿಲ್ಲ.

ಈಗ ನನ್ನ ಲೆಕ್ಕಕ್ಕೆ ಬರುತ್ತೇನೆ.

2018ರ ಜುಲೈ. ಮಲೆನಾಡಿನ ಮಳೆ ಎಂಥದ್ದೆಂದು ಹೇಳಬೇಕಾಗಿಲ್ಲ. ರಾತ್ರಿ ಎಂಟೂವರೆಗೆ ದೂರವಾಣಿ ಬಂತು. ಏಳು ಕಿಲೋಮೀಟರ್ ಆಚೆಯ ತೋಟದ ಲೈನ್ ಮನೆಯಲ್ಲಿ ಅಜ್ಜಿಯೊಬ್ಬರಿಗೆ ಉಸಿರು ಕಟ್ಟುತ್ತಿದೆ, ಫಾದರ್ ಬರಬೇಕಂತೆ. ನನ್ನ ಬೈಕು ಗ್ಯಾರೇಜಿನಲ್ಲಿತ್ತು. ಅಭ್ಯಂಗದ ತೈಲ, ಪರಮಪ್ರಸಾದ ತೆಗೆದುಕೊಂಡು ಹೊರಬಂದರೆ ಅಂಗಳದಲ್ಲಿ ಆ ಕೆಂಪು ಕಾರು ನಿಂತಿತ್ತು. ವಿನ್ಸೆಂಟ್ ದೆ ಪಾವ್ಲ್ ಸಭೆಯ ಲೆಕ್ಕ ಬರೆಯಲು ಅವರು ಬಂದಿದ್ದರು. "ಹತ್ತಿ ಫಾದರ್, ಕಾಲು ಗಂಟೇಲಿ ಬಿಡ್ತೀನಿ" ಎಂದರು.

ನಾನು ಹತ್ತಲಿಲ್ಲ. ಆ ಲೈನ್ ಮನೆಗಳ ಮುಂದೆ, ಬಡವರ ಕಣ್ಣೆದುರು, ಗುರುವೊಬ್ಬ ಸ್ಪೋರ್ಟ್ಸ್ ಕಾರಿನಿಂದ ಇಳಿಯುವುದನ್ನು ಕಲ್ಪಿಸಿಕೊಂಡೆ. ಆ ಪ್ರಬೋಧನೆ ಮಾಡಿದವನು ನಾನೇ. ಜನ ಏನೆಂದಾರು? "ಬೇಡ, ಆಟೋ ಹೇಳಿದ್ದೇನೆ" ಎಂದೆ. ಹೇಳಿರಲಿಲ್ಲ, ಆಮೇಲೆ ಹೇಳಿದೆ. ಆಟೋ ಬರಲು ಐವತ್ತು ನಿಮಿಷ ಹಿಡಿಯಿತು.

ನಾನು ತಲಪಿದಾಗ ಅಜ್ಜಿ ತೀರಿಹೋಗಿ ಅರ್ಧ ಗಂಟೆಯಾಗಿತ್ತು. ಸಾವಿನ ಬಗ್ಗೆ ಸಂಶಯವಿದ್ದರೆ ಅಭ್ಯಂಗ ಮಾಡಬಹುದೆಂದು ಧರ್ಮಸಭೆಯ ಕಾನೂನು ಹೇಳುತ್ತದೆ. ಅಲ್ಲಿ ಸಂಶಯಕ್ಕೆ ಎಡೆಯಿರಲಿಲ್ಲ. ತೈಲದ ಡಬ್ಬಿಯನ್ನು ಜೇಬಿನಲ್ಲೇ ಇಟ್ಟುಕೊಂಡು ಮೃತರಿಗಾಗಿ ಪ್ರಾರ್ಥಿಸಿದೆ. "ಬಾಗಿಲ ಕಡೇನೇ ನೋಡ್ತಿದ್ರು ಫಾದರ್" ಎಂದ ಮಗ. ದೂರುವಂತೆ ಹೇಳಲಿಲ್ಲ, ಸಮಾಧಾನಕ್ಕೆಂಬಂತೆ ಹೇಳಿದ.

ತೋಮಸರು ಒಣಜಂಭದ ಬಗ್ಗೆಯೂ ಬರೆದಿದ್ದಾರೆ. ಕೀರ್ತಿ ಮೂರು ಬಗೆಯಲ್ಲಿ ಪೊಳ್ಳಾಗುತ್ತದಂತೆ: ಹೊಗಳಿಕೆಗೆ ಅರ್ಹವಲ್ಲದ ವಸ್ತುವಿಗಾಗಿ ಬಯಸಿದಾಗ, ತೀರ್ಪು ಗಟ್ಟಿಯಿಲ್ಲದ ಜನರಿಂದ ಬಯಸಿದಾಗ, ದೇವರ ಮಹಿಮೆಗೋ ಪರರ ಹಿತಕ್ಕೋ ಅದನ್ನು ಸಲ್ಲಿಸದಿದ್ದಾಗ. ಪರೀಕ್ಷೆಗೆ ಇದನ್ನು ಬಾಯಿಪಾಠ ಮಾಡಿದ್ದೆ. ಆದರೆ ನನಗೂ ಒಂದು ಫೋಟೋ ಇತ್ತೆಂದು, ಬಡ ಗುರು, ಹಳೆಯ ಬೈಕು, ಕೈಯಲ್ಲಿ ಕೊಡೆ ಇರುವ ಆ ಫೋಟೋದೊಳಗೆ ಕೆಂಪು ಬಣ್ಣ ಬರಕೂಡದೆಂದು ನಾನು ಒಬ್ಬ ಮುದುಕಿಯನ್ನು ಕಾಯಿಸಿದೆನೆಂದು ಆ ರಾತ್ರಿಯವರೆಗೆ ನನಗೆ ತಿಳಿದಿರಲಿಲ್ಲ. ಸೌದೆ ಹೊರೆಯ ಹೆಂಗಸು ಕೆಲವು ನಿಮಿಷ ಕಾದು ದಾಟಿ ಹೋದಳು. ಇದನ್ನು ನಾನು ಪಾಪನಿವೇದನೆಯಲ್ಲಿ ಹೇಳಿದ್ದೇನೆ. ಇಲ್ಲಿ ಬರೆಯಲು ಇಷ್ಟು ವರ್ಷ ಬೇಕಾಯಿತು.

ಮರುದಿನ ಮಧ್ಯಾಹ್ನ ಮಣ್ಣು ಮಾಡಿದೆವು. ಅಜ್ಜಿಯ ಅಕ್ಕ ಒಬ್ಬರಿದ್ದರು, ತೊಂಬತ್ತರ ಹತ್ತಿರದವರು, ನಡೆಯಲಾರರು. ಲೈನ್ ಮನೆಯಿಂದ ದೇವಾಲಯಕ್ಕೂ ಅಲ್ಲಿಂದ ಸಮಾಧಿ ಸ್ಥಳಕ್ಕೂ ಅವರನ್ನು ಕರೆತಂದದ್ದು ಆ ಕಾರಿನಲ್ಲೇ. ಸಮಾಧಿಯ ಬಳಿ ಅವರನ್ನು ಎತ್ತಿ ಇಳಿಸುವಾಗ ನಾನು ನೋಡಿದೆ. ಕೆನೆಬಣ್ಣದ ಸೀಟೆಲ್ಲ ಕೆಂಪು ಮಣ್ಣು, ಎಲೆಯಡಿಕೆಯ ಕಲೆ, ನೆನೆದ ಸೀರೆಯ ನೀರು. ಅವರು ಅದನ್ನು ಒರೆಸುವ ಗೋಜಿಗೆ ಹೋಗಲಿಲ್ಲ.

ಎಲ್ಲ ಮುಗಿದು, ಅಜ್ಜಿಯನ್ನು ಮನೆಗೆ ಮುಟ್ಟಿಸಿ ಅವರು ಮತ್ತೆ ಸಮಾಧಿ ಸ್ಥಳದ ಗೇಟಿಗೆ ಬಂದಾಗ ಜನ ಇನ್ನೂ ಅಲ್ಲೇ ಕೊಡೆಗಳಡಿ ನಿಂತಿದ್ದರು. ಅವರು ಎಡಗೈ ಚಾಚಿ ಆ ಬದಿಯ ಬಾಗಿಲು ತೆಗೆದು, "ಮನೆಗೆ ಬಿಡಲಾ ಫಾದರ್?" ಎಂದು ಕೇಳಿದರು. ಹಿಂದಿನ ರಾತ್ರಿಯ ಮಾತನ್ನು ಎತ್ತಲಿಲ್ಲ.

ಆ ಕಾರು ಬಹಳ ತಗ್ಗು. ನಿಲುವಂಗಿ ಹಾಕಿಕೊಂಡವನು ಹತ್ತುವುದು ಕಷ್ಟ. ಅಂಚು ಬಾಗಿಲಿಗೆ ಸಿಕ್ಕಿಕೊಂಡಿತು, ಬಿಡಿಸಿಕೊಂಡು ಆ ಒದ್ದೆ ಸೀಟಿನಲ್ಲಿ ಕೂತೆ. ಜನರೆಲ್ಲ ನೋಡುತ್ತಿದ್ದರು. ಒಬ್ಬ ಹುಡುಗ ಓಡಿ ಬಂದು, ನಾಳೆ ತನ್ನನ್ನೂ ಒಂದು ಸುತ್ತು ಕರೆದೊಯ್ಯುತ್ತೀರಾ ಎಂದು ಅವರನ್ನು ಕೇಳಿದ.